ಗಂಗೆದೊಗಲು

ಜುಲೈ 8, 2024, ಸೋಮವಾರ

ಗಾರ್ಮೆಂಟ್ಸ್‌ನಲ್ಲಿ ಮೊದಲ ದಿನ. ಕೆಲಸದ ಹೆಸರು ಕ್ವಾಲಿಟಿ ಚೆಕಿಂಗ್. ಹೊಲಿದು ಬಂದ ಅಂಗಿಯಲ್ಲಿ ತಪ್ಪು ಹುಡುಕಿ, ತಪ್ಪಿದ ಜಾಗಕ್ಕೆ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಬೇಕು. ಬಿ.ಎ.ಯಲ್ಲಿ ಐಚ್ಛಿಕ ಇಂಗ್ಲಿಷು, ಐಚ್ಛಿಕ ಕನ್ನಡ ಓದಿದವಳಿಗೆ ಇದೂ ಒಂದು ಬಗೆಯ ವಿಮರ್ಶೆಯೇ ಎಂದು ಸಮಾಧಾನ ಮಾಡಿಕೊಂಡೆ. ಆದರೆ ಮೊದಲ ಬಾಣವನ್ನು ಅಂಟಿಸಿ, ಕಿತ್ತು, ಮತ್ತೆ ಅಂಟಿಸಿದೆ. ಪ್ರತಿ ಬಾಣದ ಹಿಂದೆಯೂ ಒಬ್ಬರು ಇರುತ್ತಾರೆ. ಅಂಗಿ ಅವರ ಮೆಷಿನ್ನಿಗೆ ವಾಪಸ್ ಹೋಗುತ್ತದೆ, ಅವರು ಬೈಸಿಕೊಳ್ಳುತ್ತಾರೆ, ಆಮೇಲೆ ತಲೆಯೆತ್ತಿ ನನ್ನನ್ನು ನೋಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ನಾನು ಸಣ್ಣ ತಪ್ಪುಗಳನ್ನು ಕಂಡೂ ಕಾಣದಂತೆ ಬಿಟ್ಟೆ. ಫ್ಲೋರ್ ಇನ್‌ಚಾರ್ಜ್ ಶಿವಶಂಕರ್ ಸರ್ ಅದನ್ನು ಕಂಡುಹಿಡಿದರು. "ಮೇಡಂ, ಕರುಣೆ ಮನೇಲಿಟ್ಟು ಬನ್ನಿ" ಎಂದರು.

ಮೂರು ತಿಂಗಳು ನೋಡಿ ಆಮೇಲೆ ಖಾಯಂ ಮಾಡುತ್ತಾರಂತೆ. ಅಪ್ಪನ ಮಾತೂ ಅದಕ್ಕೇ ಗಂಟುಬಿದ್ದಿದೆ. "ಪರ್ಮನೆಂಟ್ ಆಯ್ತಾ, ಕೆಲಸಕ್ಕೋಗು, ನಾನೇನು ಅಡ್ಡ ಬರಾಕಿಲ್ಲ. ಆಗ್ನಿಲ್ವಾ, ಕೆ.ಆರ್. ಪೇಟೆಯವ್ರಿಗೆ ಹೂಂ ಅಂದ್ಬುಡ್ತೀನಿ."

ಕೆ.ಆರ್. ಪೇಟೆಯ ಆ ಗಂಡು ನನ್ನನ್ನು ನೋಡಲು ಬಂದಿದ್ದಾಗ ಜಗುಲಿಯಲ್ಲಿ ಕೂತು ನಮ್ಮ ಹಸುಗಳನ್ನು ನೋಡಿ ಹೋಗಿದ್ದರು. "ಆ ಕಪ್ಪುದು ಹೊತ್ತಿಗೆಷ್ಟು ಹಾಲು ಕೊಡ್ತದೆ?" ಎಂಬುದೊಂದೇ ಅವರಾಡಿದ ಮಾತು.

ಜುಲೈ 11, ಗುರುವಾರ

ಹೊಣಕೆರೆಯಲ್ಲಿ ಕಂಪನಿ ಬಸ್ಸು ಹತ್ತಿದರೆ ಪಾಂಡವಪುರ ಬರುವಷ್ಟರಲ್ಲಿ ನನಗೆ ಹೊಟ್ಟೆ ತೊಳೆಸುತ್ತದೆ. ಇಂದು ವಾಂತಿಯೇ ಆಗಿಬಿಡುತ್ತಿತ್ತು. ಹಿಂದಿನ ಸೀಟಿನಲ್ಲಿದ್ದ ಹಿರಿಯರೊಬ್ಬರು ಎದ್ದು ತಮ್ಮ ಕಿಟಕಿಯ ಜಾಗ ಬಿಟ್ಟುಕೊಟ್ಟರು. "ಇಲ್ಲಿ ಕುಂತ್ಕೊ ಮಗ. ನಾಳಿಂದ ನಾನು ಟವಲ್ ಹಾಕಿಟ್ಟಿರ್ತೀನಿ."

ಹೆಸರು ಚಿಕ್ಕಯ್ಯ. ಇಸ್ತ್ರಿ ಸೆಕ್ಷನ್ನಿನಲ್ಲಿದ್ದಾರೆ. ನಮ್ಮ ಪಕ್ಕದ ಊರಿನವರೇ. ನಾನು ಓದಿದವಳೆಂದು ತಿಳಿದ ಮೇಲೆ "ಮೇಷ್ಟ್ರಮ್ಮ" ಎಂದು ಕರೆಯತೊಡಗಿದರು. ಯಾರೋ ಬಿಟ್ಟುಹೋದ ನಿನ್ನೆಯ ಪೇಪರ್ ಅವರ ಕೈಯಲ್ಲಿರುತ್ತದೆ. ಅಕ್ಷರದ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸಿಕೊಂಡು ಓದುತ್ತಾರೆ. "ಮೂರ್ನೇ ಕ್ಲಾಸು ಕಣವ್ವ ನಂದು. ಅಕ್ಸರ ಮರ್ತೋಗ್ಬಾರ್ದು ಅಂತ ದಿನಾ ಒಂದಷ್ಟು ಮೇಯಿಸ್ಕೊಂಡ್ ಬತ್ತೀನಿ." ಪಾಂಡವಪುರದಲ್ಲಿ ಅಂಗಡಿಗಳ ಬೋರ್ಡುಗಳನ್ನೂ ಬಿಡಲಿಲ್ಲ. ಒಂದು ಬೋರ್ಡಿನಲ್ಲಿ 'ಶೃಂಗಾರ' ಎಂಬುದನ್ನು ತಪ್ಪಾಗಿ ಬರೆದಿದ್ದರು. ಅವರೇ ಅದನ್ನು ತೋರಿಸಿ ನಕ್ಕರು.

ಅವರ ಹೆಂಡತಿ ಪುಟ್ಟತಾಯಮ್ಮನಿಗೆ ಎದೆಯಲ್ಲಿ ಗಡ್ಡೆ. ಮೈಸೂರಿನಲ್ಲಿ ಇಂಜೆಕ್ಷನ್ ನಡೆಯುತ್ತಿದೆ, ಎಲ್ಲ ಇಎಸ್ಐ ಕಾರ್ಡಿನ ಮೇಲೆ. ಆ ಕಾರ್ಡನ್ನು ಪ್ಲಾಸ್ಟಿಕ್ ಕವರಿನೊಳಗಿಟ್ಟು, ಕವರನ್ನು ಇನ್ನೊಂದು ಕವರಿನೊಳಗಿಟ್ಟು ಬನಿಯನ್ ಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ. ಇಸ್ತ್ರಿ ಹಬೆಗೆ ಒದ್ದೆಯಾಗಬಾರದಲ್ಲ. "ಈ ಕೆಲಸ ಇರೋಗಂಟ ಕಾರ್ಡು. ಕಾರ್ಡು ಇರೋಗಂಟ ಅವ್ಳು. ಇಷ್ಟೇ ಕಣವ್ವ ನನ್ನ ಲೆಕ್ಕ."

ಕಿಟಕಿಯಾಚೆ ನೋಡುತ್ತ ಕೂತೆ.

ಜುಲೈ 20, ಶನಿವಾರ

ಅಮೆರಿಕದ ಹೊಸ ಆರ್ಡರ್ ಬಂದಿದೆ. ಇಂದು ಸ್ಯಾಂಪಲ್ ಅಂಗಿ ತೆಗೆದು ತೋರಿಸಿದರು.

ಇಷ್ಟು ಚಂದದ ಅಂಗಿಯನ್ನು ನಾನು ನೋಡಿರಲಿಲ್ಲ. ತಿಳಿನೀಲಿ ಆಕ್ಸ್‌ಫರ್ಡ್ ಬಟ್ಟೆ, ಹತ್ತಿರದಿಂದ ನೋಡಿದರೆ ಸಣ್ಣ ಚಾಪೆ ಹೆಣೆದಂತಿದೆ. ಕಾಲರಿನ ಎರಡು ತುದಿಗೂ ಪುಟಾಣಿ ಗುಂಡಿ. ಕತ್ತಿನ ಹಿಂದೆ ಯಾರೂ ನೋಡದ ಜಾಗದಲ್ಲಿ ಮೂರನೆಯ ಗುಂಡಿ. ಬೆನ್ನಿನ ನೆರಿಗೆಯ ಮೇಲೆ ಗೂಟಕ್ಕೆ ತೂಗುಹಾಕಲು ಒಂದು ಬಟ್ಟೆಯ ಕುಣಿಕೆ. ಅಲ್ಲಿನ ಹಳೆಯ ಕಾಲೇಜುಗಳ ಹುಡುಗರು ಬಹಳ ಹಿಂದಿನಿಂದ ತೊಡುತ್ತಿದ್ದ ಅಂಗಿಯಂತೆ ಇದು. ಜೊತೆಗಿದ್ದ ಫೋಟೋದಲ್ಲಿ ಹುಡುಗರು ಪುಸ್ತಕ ಹಿಡಿದು ಹುಲ್ಲಿನ ಮೇಲೆ ನಡೆಯುತ್ತಿದ್ದರು. ಯಾರಿಗೂ ಅವಸರವಿಲ್ಲ. ಅವರಲ್ಲಿ ಒಬ್ಬನಾದರೂ ಸಾಹಿತ್ಯ ಓದುತ್ತಿರಬಹುದು.

ಕಾಲರ್ ಹೊಲಿಯುವ ಧನುಶ್ರೀಗೆ ನಗು ತಡೆಯಲಾಗಲಿಲ್ಲ. "ಕಾಲರ್ಗೂ ಗುಂಡಿಯಾ? ಗಾಳಿಗೆ ಹಾರೋಯ್ತದಾ? ನೋಡಕ್ಕ, ಬೆನ್ ಮೇಲೆ ಕಣ್ಣಿ ಬೇರೆ! ಹುಡುಗ್ರನ್ನ ಕೊಟ್ಟಿಗೇಲಿ ಕಟ್ಟಾಕ್ತಾರೇನೊ."

ಎಲ್ಲರೂ ನಕ್ಕರು. ಶಿವಶಂಕರ್ ಸರ್ ಮಾತ್ರ ಗದರಿದರು. "ಏಯ್, ಇದು ಎಕ್ಸ್‌ಪೋರ್ಟ್ ಕಂಪನಿ. ದನ ಕಾಯೋ ಮಾತೆಲ್ಲ ಗೇಟಿಂದಾಚೆಗೆ. ಬಯ್ಯರ್ ಮುಂದೆ ಇಂಗೇ ಮಾತಾಡ್ಬುಟ್ಟೀರ."

ಧನುಶ್ರೀಯ ಕಿವಿ ಕೆಂಪಾಯಿತು. ಏಕೋ ನನ್ನದೂ.

ಜುಲೈ 21, ಭಾನುವಾರ

ಬೆಳಿಗ್ಗೆಯಿಂದ ಆ ಕಾಲರೇ ಕಣ್ಣಲ್ಲಿದೆ. ಮಾಮೂಲಿ ಕಾಲರ್ ಮಡಿಸಿದ ಕಾಗದದ ಹಾಗೆ ಚಪ್ಪಟೆ. ಇದು ಹಾಗಲ್ಲ. ಕತ್ತಿನಿಂದ ಇಳಿದು, ಒಳಗೆ ಗಾಳಿ ಹೊಕ್ಕಂತೆ ತುಸು ಉಬ್ಬಿ, ಬಾಗಿ, ಆಮೇಲೆ ಗುಂಡಿಗೆ ಸೇರುತ್ತದೆ. ಅದರೊಳಗೆ ಗಟ್ಟಿ ಬಟ್ಟೆ ಇಟ್ಟಿಲ್ಲ. ಆ ಉಬ್ಬೇ ಅದರ ಜೀವ.

ಸಂಜೆ ನಮ್ಮ ಎತ್ತಿಗೆ ನೀರು ಕುಡಿಸುತ್ತಿದ್ದೆ. ಅದು ತಲೆಯೆತ್ತಿತು. ಕತ್ತಿನ ಕೆಳಗೆ ಜೋಲುವ ಗಂಗೆದೊಗಲು ಅಲೆಯಂತೆ ಇಳಿದು, ಉಬ್ಬಿ, ಎದೆಗೆ ಸೇರಿಕೊಂಡಿತು. ಎಲ್ಲಿಯೂ ಮಡಿಕೆಯಿಲ್ಲ, ಗೀಟಿಲ್ಲ. ಬಾನಿ ಹಿಡಿದುಕೊಂಡೇ ನಿಂತುಬಿಟ್ಟೆ. ಇದೇ! ಆ ಕಾಲರ್ ಎಂದರೆ ಗಂಗೆದೊಗಲು. ಇದಕ್ಕಿಂತ ಸರಿಯಾದ ಮಾತು ಯಾವ ಭಾಷೆಯಲ್ಲೂ ಇರಲಾರದು.

ಅಪ್ಪ ಕೇಳಿದರು, "ಎತ್ತಿನ ಗಂಟಲ್ನಾಗೆ ಏನವ್ವ ಬರ್ದದೆ, ಅಂಗೆ ಓದ್ತಾ ನಿಂತೀಯ?"

ಜುಲೈ 23, ಮಂಗಳವಾರ

ಬಯ್ಯರ್ ಕಳಿಸಿದ ಸೂಚನೆಗಳನ್ನು ಕನ್ನಡಕ್ಕೆ ಮಾಡಿ ಬೋರ್ಡಿನ ಮೇಲೆ ಬರೆಯಲು ನನಗೆ ಹೇಳಿದರು. ಇಂಗ್ಲಿಷ್ ಓದಿದವಳು ನಾನೊಬ್ಬಳೇ. ಕಾಲರಿನ ಬಗ್ಗೆ ಇದ್ದದ್ದು ಒಂದೇ ಸಾಲು: ಸಾಫ್ಟ್ ರೋಲ್ ಇರಬೇಕು.

ರೋಲ್. ಅದೇ ಆ ಉಬ್ಬು. ಸೀಮೆಸುಣ್ಣ ಹಿಡಿದು ನಿಂತೆ. 'ಗಂಗೆದೊಗಲಿನಂತೆ' ಎಂಬುದು ಬೆರಳ ತುದಿಗೆ ಬಂದಿತ್ತು. ಹಿಂದೆ ಶಿವಶಂಕರ್ ಸರ್ ನಿಂತಿದ್ದರು. ಶನಿವಾರದ ಗದರಿಕೆ ನೆನಪಾಯಿತು. ಓದಿದವಳೂ ದನದ ಮಾತು ಬರೆದರೆ ಏನೆಂದುಕೊಂಡಾರು?

'ಕಾಲರಿನ ಮಡಿಕೆ ಮೃದುವಾಗಿರಬೇಕು' ಎಂದು ಬರೆದೆ. ದುಂಡಗಿನ ಅಕ್ಷರ. ಸರ್ ಮೆಚ್ಚಿದರು.

"ಕಾಲರ್ನಾಗೆ ಮಡಿಕೆಯಾ? ನೀರ್ ತುಂಬಾಕಾ?" ಎಂದಳು ಧನುಶ್ರೀ, ಈ ಸಲ ಮೆಲ್ಲಗೆ.

ಮಡಿಕೆ ಪೂರ್ತಿ ಸರಿಯಲ್ಲ, ಗೊತ್ತು. ಆದರೆ ಗೌರವದ ಮಾತು. ಸ್ಯಾಂಪಲ್ ಅಂಗಿಯನ್ನು ಸರ್ ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡಿದ್ದಾರೆ, ಕೊಳೆಯಾಗಬಾರದೆಂದು.

ಆಗಸ್ಟ್ 2, ಶುಕ್ರವಾರ

ನೀಲಿ ಅಂಗಿಗಳು ಇಸ್ತ್ರಿಗೆ ಬಂದವು. ಚಿಕ್ಕಯ್ಯನವರು ನನ್ನ ಟೇಬಲ್ಲಿಗೆ ಬಂದರು. ಅಲ್ಲಿಂದ ಇಲ್ಲಿಗೆ ಬರುವುದೇ ಅಪರೂಪ, ಬಂದರೆ ಕೆಲಸ ನಿಂತಿತೆಂದು ಬೈಯುತ್ತಾರೆ.

"ಮೇಷ್ಟ್ರಮ್ಮ, ಬೋರ್ಡಲ್ಲಿ 'ಮಡಿಕೆ ಮೃದುವಾಗಿ' ಅಂತ ಬರ್ದಿದ್ದೀಯಲ್ಲ. ಮಡಿಕೆ ಬೀಳಂಗೆ ಒತ್ಲಾ, ಬುಡ್ಲಾ? ಈ ಬಟ್ಟೆ ಒತ್ಬ್ಯಾಡ ಅಂತದೆ, ನಿನ್ ಬೋರ್ಡು ಮಡಿಕೆ ಅಂತದೆ."

ಆಗಲೇ ಶಿವಶಂಕರ್ ಸರ್ ಸಾಲಿನ ತುದಿಗೆ ಬಂದರು. ಆ ಗಂಟೆಯ ಟಾರ್ಗೆಟ್ಟಿಗೆ ನಾನು ಹಿಂದೆ ಬಿದ್ದಿದ್ದೆ. ಎತ್ತಿನ ವಿಷಯ ಹೇಳಲು ಪುರುಸೊತ್ತಿರಲಿಲ್ಲ. "ಬೋರ್ಡಲ್ಲಿ ಇರೋ ಹಾಗೇ ಮಾಡಿ" ಎಂದೆ.

"ಅಂಗಾದ್ರೆ ಸರಿ. ಹಬೆ ಜಾಸ್ತಿ ಕೊಟ್ಟು ಮೆತ್ತಗೆ ಮಾಡಿ ಮಡಿಕೆ ಕೂರಿಸ್ತೀನಿ."

ಸಂಜೆ ಆ ಕಡೆ ಹೋದಾಗ ಕಂಡೆ. ಕಾಲರುಗಳು ಕತ್ತಿಯ ಅಲುಗಿನಂತೆ ಮಡಿಸಿಕೊಂಡು ಮಲಗಿದ್ದವು. ಸರ್ ಒಂದನ್ನು ಎತ್ತಿ ನೋಡಿ "ಗರಿಗರಿಯಾಗವೆ" ಎಂದು ಮುಂದೆ ಹೋದರು. ಅವರಿಗೇ ಒಪ್ಪಿಗೆಯಾದ ಮೇಲೆ ನಾನು ಮಾತಾಡುವುದೇನು? ಬಸ್ಸಿನಲ್ಲಿ ಚಿಕ್ಕಯ್ಯನವರಿಗಾದರೂ ಹೇಳೋಣವೆಂದುಕೊಂಡೆ. ಅವರು ಕಿಟಕಿಯ ಜಾಗ ನನಗೆ ಬಿಟ್ಟು, ಕಂಬಿಗೆ ತಲೆಯಾನಿಸಿ ನಿದ್ದೆಹೋಗಿದ್ದರು. ಎಬ್ಬಿಸಲು ಮನಸ್ಸಾಗಲಿಲ್ಲ.

ಆಗಸ್ಟ್ 12, ಸೋಮವಾರ

ಬಯ್ಯರ್ ಕಡೆಯವರು ಬಂದಿದ್ದರು. ಒಬ್ಬರು ಒಂದು ಅಂಗಿ ಬಿಡಿಸಿ ಕಾಲರಿನ ಕೆಳಗೆ ಬೆರಳು ತೂರಿಸಿದರು. ಬೆರಳು ಹೋಗಲಿಲ್ಲ. ಮತ್ತೊಂದು, ಇನ್ನೊಂದು. ಕೊನೆಗೆ ಒಂದೇ ಮಾತು: ಡೆಡ್.

ಸತ್ತ ಕಾಲರ್. ಹಬೆ ಕೊಟ್ಟರು, ತೊಳೆಸಿ ನೋಡಿದರು. ಬಿಸಿಗೆ ನೂಲು ನಲುಗಿ ಮಡಿಕೆಯ ಗೀಟು ಮಿರಮಿರ ಹೊಳೆಯುತ್ತಿತ್ತು, ಹೋಗಲಿಲ್ಲ. ಇಡೀ ಲಾಟ್ ರಿಜೆಕ್ಟ್.

ನಾನು ಊಟ ಮಾಡಲಿಲ್ಲ. ಮಧ್ಯಾಹ್ನ ಯಾವುದೋ ಬೇರೆ ಸೂಚನೆ ಬರೆಯಬೇಕೆಂದು ಯಾರೋ ಬೋರ್ಡು ಒರೆಸಿದರು. ನಾನು ಒರೆಸಲಿಲ್ಲ. ಅದನ್ನು ಸ್ಪಷ್ಟವಾಗಿ ಬರೆದಿಡುತ್ತೇನೆ, ನಾನು ಒರೆಸಲಿಲ್ಲ.

ಆಗಸ್ಟ್ 13, ಮಂಗಳವಾರ

ಶಿವಶಂಕರ್ ಸರ್ ಕ್ಯಾಬಿನ್ನಿಗೆ ಕರೆಸಿದರು. ಚಿಕ್ಕಯ್ಯ ಆಗಲೇ ಅಲ್ಲಿ ನಿಂತಿದ್ದರು. ಕೈಯಲ್ಲಿ ಟವಲ್ಲು.

"ಇವ್ನು ಬೋರ್ಡಲ್ಲಿ ಮಡಿಕೆ ಅಂತ ಇತ್ತು, ಅಂಗೇ ಮಾಡ್ದೆ ಅಂತಾವ್ನೆ. ಏನ್ ಬರ್ದಿದ್ರಿ ಮೇಡಂ?"

"ಮೃದುವಾಗಿರಬೇಕು ಅಂತ ಬರೆದಿದ್ದೆ ಸರ್."

ಅದು ಸುಳ್ಳಲ್ಲ. ಹಾಗೆಯೇ ಬರೆದಿದ್ದೆ.

"ಮೃದು ಅಂದ್ರೆ ಇಂಗೇನ್ಲಾ? ಮಡಿಕೆ ಅಂತ ಎಲ್ಲಿತ್ಲಾ ನಿಂಗೆ?"

ಚಿಕ್ಕಯ್ಯ ನನ್ನನ್ನು ನೋಡಿದರು. ನನಗೆ ಕೆ.ಆರ್. ಪೇಟೆಯವರು, ಅಪ್ಪನ ಹೂಂ, ಎಲ್ಲ ಒಟ್ಟಿಗೆ ನೆನಪಾಯಿತು. ಸರ್ ಕಡೆಗೆ ತಿರುಗಿದೆ. "ಅವರಿಗೆ ಓದು ಅಷ್ಟಕ್ಕಷ್ಟೇ ಸರ್. ತಪ್ಪು ಓದಿಕೊಂಡಿರಬಹುದು."

ಸರ್ ಅವರತ್ತ ತಿರುಗಿದರು. "ಓದಾಕ್ ಬತ್ತದೇನ್ಲಾ ನಿಂಗೆ?"

ಚಿಕ್ಕಯ್ಯ ನನ್ನ ಮುಖದಿಂದ ಕಣ್ಣು ತೆಗೆದು ನೆಲ ನೋಡಿದರು.

"ಇಲ್ಲ ಸಾ. ನಂಗೆ ಓದಾಕ್ ಬರಾಕಿಲ್ಲ. ಹೆಬ್ಬೆಟ್ಟು. ಆ ಮಗ ಸರಿಯಾಗೇ ಬರ್ದಿತ್ತು."

"ಮತ್ತೆ ಯಾರನ್ನಾದ್ರೂ ಕೇಳಾಕೆ ಬಾಯಿರ್ನಿಲ್ವಾ?"

"ತಪ್ಪಾಯ್ತು ಸಾ."

ಅವರೇ ಒಪ್ಪಿಕೊಂಡ ಮೇಲೆ ನಾನು ಏನು ಹೇಳಲು ಸಾಧ್ಯವಿತ್ತು? ಬಿಡಿಸಿ ಹೇಳಿದರೆ ಅವರನ್ನೇ ಸುಳ್ಳುಗಾರರನ್ನಾಗಿ ಮಾಡಿದಂತಾಗುತ್ತಿತ್ತು. ಸಂಜೆಯೊಳಗೆ ಲೆಕ್ಕ ಚುಕ್ತಾ ಮಾಡಿ ಗೇಟಿನಿಂದ ಕಳಿಸಿದರು.

ಆಗಸ್ಟ್ 14, ಬುಧವಾರ

ಕಿಟಕಿಯ ಸೀಟು ಖಾಲಿಯಿತ್ತು. ಕೂತೆ. ವಾಂತಿ ಬರಲಿಲ್ಲ.

ಆಗಸ್ಟ್ 28, ಬುಧವಾರ

ರಿಜೆಕ್ಟ್ ಅಂಗಿಗಳ ಲೇಬಲ್ ಕತ್ತರಿಸಿ ಯಾರಿಗೋ ಮಾರಿದ್ದಾರೆ. ಶ್ರೀರಂಗಪಟ್ಟಣದ ರಸ್ತೆ ಬದಿಯಲ್ಲಿ ಟಾರ್ಪಾಲು ಹಾಸಿ ಗುಡ್ಡೆ ಹಾಕಿದ್ದರು. ಹುಲ್ಲಿನ ಮೇಲೆ ನಡೆಯಬೇಕಾಗಿದ್ದ ಅಂಗಿಗಳು. ಅಪ್ಪನಿಗೆ ಒಂದು ತೆಗೆದುಕೊಂಡೆ.

ಊಟದ ಹೊತ್ತಿನಲ್ಲಿ ಧನುಶ್ರೀ ಡಬ್ಬಿ ಮುಚ್ಚುತ್ತ ಕೇಳಿದಳು. "ಅಕ್ಕ, ಬೋರ್ಡಲ್ಲಿ ಮಡಿಕೆ ಅಂತಾನೇ ಇತ್ತಲ್ವಾ? ನಾನು ನಗಾಡ್ಲಿಲ್ವಾ, ನೀರ್ ತುಂಬಾಕಾ ಅಂತ?"

"ಮೃದುವಾಗಿ ಅಂತಲೂ ಇತ್ತು" ಎಂದೆ. "ನಿನ್ನ ಪೀಸ್ ಕಡೆ ಗಮನ ಕೊಡು ಮೊದಲು."

ಮಧ್ಯಾಹ್ನ ಅವಳ ಕಾಲರುಗಳಲ್ಲಿ ಬಹಳ ತಪ್ಪು ಸಿಕ್ಕವು. ಬಾಣ ಅಂಟಿಸಿದೆ. ಇಷ್ಟು ದಿನ ಹೇಗೆ ಕಣ್ಣಿಗೆ ಬಿದ್ದಿರಲಿಲ್ಲವೋ.

ಸೆಪ್ಟೆಂಬರ್ 17, ಮಂಗಳವಾರ

ಬೆಳಿಗ್ಗೆ ಹೊಣಕೆರೆ ಸ್ಟಾಪಿನಲ್ಲಿ ಚಿಕ್ಕಯ್ಯ ಸಿಕ್ಕ. ಕಲ್ಲುಚಪ್ಪಡಿಯ ಮೇಲೆ ಹೆಂಡತಿ ಕೂತಿದ್ದಳು. ತಲೆಗೆ ಸೆರಗು ಬಿಗಿಯಾಗಿ ಸುತ್ತಿತ್ತು, ಒಳಗೆ ಕೂದಲಿಲ್ಲವೆಂದು ತಿಳಿಯುತ್ತಿತ್ತು. ನನ್ನನ್ನು ನೋಡಿ "ಇವ್ಳೇನಾ ನಿಮ್ ಮೇಷ್ಟ್ರಮ್ಮ?" ಎಂದು ಅವನನ್ನು ಕೇಳಿದಳು. ನಕ್ಕಳು.

ಇಎಸ್ಐ ಮುಗಿಯುತ್ತ ಬಂದಿದೆಯಂತೆ. ರೇಷನ್ ಕಾರ್ಡಿನ ಮೇಲೆ ಚಿಕಿತ್ಸೆ ಸಿಗುತ್ತದೆ, ಆದರೆ ಅದರಲ್ಲಿ ಹೆಸರು 'ಪುಟ್ಟಮ್ಮ' ಎಂದಿದೆ, ಆಧಾರಿನಲ್ಲಿ 'ಪುಟ್ಟತಾಯಮ್ಮ'. ಇಬ್ಬರೂ ಒಬ್ಬಳೇ ಎಂದು ತಿಳಿಯುವಂತೆ ನಾಗಮಂಗಲದ ಆಫೀಸಿಗೆ ಒಂದು ಅರ್ಜಿ ಬರೆಯಬೇಕಂತೆ.

"ನೀನೇ ಒಂದು ಬರ್ದ್ಕೊಡವ್ವ. ಬ್ಯಾರೆಯವ್ರು ಬರೆದ್ರೆ ಏನಾರ ಒಂದ್ ಮಾತು ತಪ್ಪೋಯ್ತದೆ. ನಿನ್ ಅಕ್ಸರ ಚೆಂದ. ಬೋರ್ಡ್ ಮೇಲೆ ಬರ್ದಿದ್ಯಲ್ಲ, ಇನ್ನೂ ಕಣ್ಮುಂದೇನೆ ಅದೆ."

ಚುಚ್ಚಿ ಹೇಳಿದನೋ ಹೇಗೋ ಗೊತ್ತಾಗಲಿಲ್ಲ. ಬಸ್ಸು ಹಾರನ್ ಹೊಡೆಯುತ್ತಿತ್ತು. ಭಾನುವಾರ ಮನೆಗೆ ಬಾ, ಬರೆದುಕೊಡುತ್ತೇನೆ ಎಂದೆ.

ಸೆಪ್ಟೆಂಬರ್ 22, ಭಾನುವಾರ

ಓಟಿ ಇತ್ತು, ಡ್ಯೂಟಿಗೆ ಹೋದೆ. ಚಿಕ್ಕಯ್ಯ ಬಂದು ಮಧ್ಯಾಹ್ನದವರೆಗೆ ಜಗುಲಿಯ ಮೇಲೆ ಕಾದು ಹೋದನಂತೆ. ಅಪ್ಪ ಕಾಫಿ ಕೊಡಿಸಿದರಂತೆ.

"ಒಂದ್ ಅರ್ಜಿ ಬರ್ದಿಟ್ಟು ಹೋಗಾಕಾಯ್ತಿರ್ನಿಲ್ವಾ?" ಎಂದರು ಅಪ್ಪ.

ಯಾರಾದರೂ ಬರೆದುಕೊಡುತ್ತಾರೆ. ಅರ್ಜಿ ಬರೆಯುವವರಿಗೆ ನಾಗಮಂಗಲದಲ್ಲಿ ಬರವೇ?

ಅಕ್ಟೋಬರ್ 8, ಮಂಗಳವಾರ

ಪರ್ಮನೆಂಟ್ ಆಯಿತು. ಎರಡು ಲೈನಿನ ಚೆಕಿಂಗ್ ನನ್ನ ಕೈಕೆಳಗೆ. ಶಿವಶಂಕರ್ ಸರ್ ಎಲ್ಲರೆದುರು "ಬಂದಾಗ ಬೆಕ್ಕಿನ ಮರಿ ಇದ್ದಂಗಿದ್ರು, ಈಗ ನೋಡಿ" ಎಂದರು.

ಐದನೇ ಮೆಷಿನ್ ಇವತ್ತೂ ನಿಧಾನ. ಸರ್‌ಗೆ ಬರೆದುಕೊಟ್ಟೆ. ಧನುಶ್ರೀ ಈಗ ಮೇಡಂ ಎನ್ನುತ್ತಾಳೆ. ಊಟಕ್ಕೆ ಬೇರೆ ಕಡೆ ಕೂರುತ್ತಾಳೆ. ಒಳ್ಳೆಯದೇ, ಸಲಿಗೆ ಇರಬಾರದು.

ಅಪ್ಪ ಕೆ.ಆರ್. ಪೇಟೆಯವರಿಗೆ ಫೋನಿನಲ್ಲಿ ಇಲ್ಲವೆಂದರು. ಸಂತೋಷಕ್ಕೆ ನೀಲಿ ಅಂಗಿ ತೊಟ್ಟು ಡೇರಿಗೆ ಹೋದರು. "ಕಾಲರು ಚೆನ್ನಾಗಿ ಕುಂತದೆ ಕಣವ್ವ, ಏನ್ ಮಡಿಕೆ! ಯಾರ್ ಇಸ್ತ್ರಿ ಮಾಡಿದ್ರೊ."

ನವೆಂಬರ್ 5, ಮಂಗಳವಾರ

ಹೊಣಕೆರೆಯಲ್ಲಿ ಹತ್ತಿ ಬಸ್ಸು ಹೊರಟಾಗ ಕಿಟಕಿಯಿಂದ ಚಿಕ್ಕಯ್ಯ ಕಂಡ. ಅದೇ ಕಲ್ಲುಚಪ್ಪಡಿಯ ಮೇಲೆ ಒಬ್ಬನೇ ಕೂತಿದ್ದ. ತಲೆ ಬೋಳಿಸಿತ್ತು.

ಹಿಂದಿನ ಸೀಟಿನವರು ಮಾತಾಡಿಕೊಂಡರು. "ಆವಮ್ಮ ಹೋಗ್ಬುಡ್ತಂತೆ. ಕಾರ್ಡಲ್ಲಿ ಹೆಸ್ರು ಸರಿಯಿಲ್ಲ ಅಂತ ಎರಡ್ ಸಲ ವಾಪಸ್ ಕಳಿಸಿದ್ರಂತೆ ಕಣಕ್ಕ. ತಿದ್ದಿಸ್ಕೊಂಡು ಹೋಗೋದ್ರೊಳಗೆ..."

ಅವನು ನೀಲಿ ಅಂಗಿ ತೊಟ್ಟಿದ್ದ. ರಸ್ತೆಬದಿಯ ಗುಡ್ಡೆಯದೇ ಇರಬೇಕು. ಕಾಲರಿನ ಎರಡೂ ಗುಂಡಿಗಳನ್ನು ಹಾಕಿಕೊಂಡಿದ್ದ. ಕೈಯಲ್ಲಿ ಪೇಪರ್ ಇತ್ತು, ಬೆರಳು ಓಡುತ್ತಿರಲಿಲ್ಲ. ಬಸ್ಸಿನೊಳಗಿಂದಲೂ ಮಡಿಕೆಯ ಗೀಟು ಬಿಸಿಲಿಗೆ ಹೊಳೆಯುತ್ತಿತ್ತು. ರಿಜೆಕ್ಟ್ ಪೀಸ್ ಎಂದು ಯಾರಿಗಾದರೂ ತಿಳಿಯುತ್ತದೆ.

ಪಾಪ. ಕಿಟಕಿಯ ಗಾಜು ಎಳೆದುಕೊಂಡೆ, ಗಾಳಿ ತಣ್ಣಗಿತ್ತು.

ನವೆಂಬರ್ 20, ಬುಧವಾರ

ಅಮೆರಿಕದವರು ಮತ್ತೆ ಆರ್ಡರ್ ಕೊಟ್ಟಿದ್ದಾರೆ. ಅದೇ ಅಂಗಿ, ಬಿಳಿ ಬಣ್ಣ. ಇದು ಕೊನೆಯ ಅವಕಾಶವೆಂದು ಹೇಳಿದ್ದಾರಂತೆ. ಶಿವಶಂಕರ್ ಸರ್ ಸ್ಯಾಂಪಲ್ ಎತ್ತಿ ಹಿಡಿದು ಇಸ್ತ್ರಿಯವರಿಗೆ ವಿವರಿಸಿ ವಿವರಿಸಿ ಸೋತರು. ಇಸ್ತ್ರಿಗೆ ಬಂದಿರುವ ಹೊಸ ಹುಡುಗ ನಿಂಗರಾಜು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ.

ನಾನು ಮುಂದೆ ಹೋಗಿ ಅಂಗಿ ಇಸಿದುಕೊಂಡೆ. ಈಗ ಯಾರೆದುರು ಮಾತಾಡಲೂ ನನಗೆ ಅಳುಕಿಲ್ಲ.

"ಎತ್ತಿನ ಗಂಗೆದೊಗಲು ನೋಡಿದ್ದೀಯೇನೋ? ಹಾಗಿರಬೇಕು. ಮಡಿಕೆ ಬೀಳಬಾರದು. ಬಿದ್ದರೆ ನಿನ್ನ ಕೆಲಸ ಹೋಯಿತು ಅಂತ ತಿಳಿದುಕೊ."

"ಓ, ಗಂಗೆದೊಗಲಾ!" ಎಂದ. ಹುಡುಗನ ಮುಖ ಬೆಳಗಿತು. ಇಡೀ ಇಸ್ತ್ರಿ ಸೆಕ್ಷನ್ನು ಒಮ್ಮೆಲೇ ತಲೆಯಾಡಿಸಿತು. ಅವನು ಮಾಡಿದ ಮೊದಲ ಕಾಲರೇ ಸ್ಯಾಂಪಲ್ಲಿನ ತದ್ರೂಪ.

ಸರ್ ದನದ ಮಾತೆಂದು ಗದರಲಿಲ್ಲ. ಜೋರಾಗಿ ನಕ್ಕರು. "ಎಲ್ಲಿತ್ತು ಮೇಡಂ ಈ ಮಾತು? ಮೊದ್ಲೇ ಹೇಳ್ಬಾರ್ದಿತ್ತಾ? ಅವತ್ತಿನ ಲಾಟೂ ಉಳೀತಿತ್ತು."

ಆಚೆ ಮೆಷಿನ್ನಿನಿಂದ ಧನುಶ್ರೀ ತಲೆಯೆತ್ತಿ ನೋಡಿದಳು.

ಮೊದಲು ಹೊಳೆದಿರಲಿಲ್ಲ, ಎಂದೆ. ಹೊಳೆದದ್ದು ಇವತ್ತೇ.